ಚೆಸ್‌ನಲ್ಲಿ ರೇಟಿಂಗ್ ಏರುತ್ತಿಲ್ಲವಾ? ಓಪನಿಂಗ್ ವಿಡಿಯೋ ಸ್ವಲ್ಪ ದಿನ ಬಿಡಿ

ಆಫೀಸು ಮುಗಿಸಿ ಮೊಬೈಲಲ್ಲಿ ಚೆಸ್ ಆಡುವವರಿಗೆ ಒಂದು ಮಾತು. ನಮ್ಮ ಮಟ್ಟದಲ್ಲಿ ಜಾಸ್ತಿ ಆಟ ಹೋಗುವುದು ಓಪನಿಂಗ್ (ಆಟದ ಮೊದಲ ನಡೆಗಳು) ಗೊತ್ತಿಲ್ಲದೆ ಅಲ್ಲ, ಕಾಯಿಗಳನ್ನು ಸುಮ್ನೆ ಬಿಟ್ಟುಕೊಟ್ಟು. 3 ನಿಮಿಷದ ಬ್ಲಿಟ್ಜ್, ಅಂದರೆ ಅವಸರದ ಆಟ, ಕಡಿಮೆ ಮಾಡಿ. 15 ನಿಮಿಷದ ಆಟ ಆಡಿ, ಪ್ರತಿ ನಡೆಗೆ 10 ಸೆಕೆಂಡ್ ಸೇರುವಂಥದ್ದು. ಎದುರಾಳಿ ಕಾಯಿ ನಡೆಸಿದ ಕೂಡಲೇ ನೋಡಿ: ಮುಂದೆ ಅವರು ಚೆಕ್ ಕೊಡಬಹುದಾ, ಏನಾದರೂ ಹೊಡೆಯಬಹುದಾ? ನಿಮ್ಮ ಪ್ಲಾನ್ ಆಮೇಲೆ.

ಉದಾಹರಣೆಗೆ, ನಿಮ್ಮದು ಕಪ್ಪು. ಬಿಳಿ ಸಿಪಾಯಿ ಇ4ಕ್ಕೆ, ನಿಮ್ಮದು ಇ5ಕ್ಕೆ ಬಂದ ಮೇಲೆ ಬಿಳಿ ರಾಣಿ ನೇರ ಎಚ್5ಕ್ಕೆ ಬಂತು. ಗಾಬರಿ ಬೇಡ. ಕುದುರೆಯನ್ನು ಸಿ6ಕ್ಕೆ ತಂದು ಇ5 ಸಿಪಾಯಿಯನ್ನು ಕಾಯಿರಿ. ಈಗ ಬಿಳಿ ಒಂಟೆ ಸಿ4ಕ್ಕೆ ಬಂತಾ? ಎಫ್7ರಲ್ಲಿ ಮೇಟ್ ಕಾದಿದೆ. ಸಿಪಾಯಿಯನ್ನು ಜಿ6ಕ್ಕೆ ತಳ್ಳಿ. ರಾಣಿ ಎಫ್3ಕ್ಕೆ ಸರಿದು ಮತ್ತೆ ಅದೇ ಬೆದರಿಕೆ ಹಾಕಿದರೆ ಇನ್ನೊಂದು ಕುದುರೆ ಎಫ್6ಕ್ಕೆ. ಅಷ್ಟೇ, ಅವರ ರಾಣಿ ಸುತ್ತಾಡುವಷ್ಟರಲ್ಲಿ ನಿಮ್ಮ ಎರಡೂ ಕುದುರೆ ಹೊರಗೆ ಬಂದಿರುತ್ತವೆ.

ಲಿಚೆಸ್ ಎಂಬ ಚೆಸ್ ಆ್ಯಪ್‌ನಲ್ಲಿ ಪಜಲ್‌ಗಳು ಪೂರ್ತಿ ಉಚಿತ. ಊಹೆ ಮಾಡಿ ಒತ್ತಬೇಡಿ, ಕೊನೆಯ ನಡೆವರೆಗೂ ಲೆಕ್ಕ ಹಾಕಿಯೇ ಕಾಯಿ ಮುಟ್ಟಿ. ಸತತ ಎರಡು ಸೋತರೆ ಆ್ಯಪ್ ಮುಚ್ಚಿ, ಸಿಟ್ಟಲ್ಲಿ ಆಡಿದ ಮೂರನೆಯದೂ ಹೋಗುತ್ತೆ ಅಲ್ವಾ! ಸೋತ ಆಟವನ್ನು ಮೊದಲು ನೀವೇ ನೋಡಿ, ಎಲ್ಲಿ ಕೆಟ್ಟಿತು ಅಂತ ಬರೆದಿಡಿ. ಎಂಜಿನ್ (ಸರಿಯಾದ ನಡೆ ತೋರಿಸುವ ಕಂಪ್ಯೂಟರ್ ಪ್ರೋಗ್ರಾಂ) ಹಾಕುವುದು ಅದಾದ ಮೇಲೆ.