ಮನೆ ಸುತ್ತಿನ ಕಡಜ: ಯಾವುದನ್ನು ಬಿಡುತ್ತೇನೆ, ಯಾವುದನ್ನು ತೆಗೆಸುತ್ತೇನೆ

ಶಿರಸಿ ಕಡೆಯ ಹೆಂಚಿನ ಮನೆ ನಮ್ಮದು. ಹಿಂದೆ ಕೊಟ್ಟಿಗೆ, ಕೆಳಗೆ ಅಡಿಕೆ ತೋಟ, ಅಂಗಳದ ಅಂಚಿನಲ್ಲಿ ತುಡುವೆ ಜೇನಿನ ಪೆಟ್ಟಿಗೆಗಳು. ಇಂಥ ಜಾಗದಲ್ಲಿ ಕಡಜ ಗೂಡು ಕಟ್ಟದ ವರ್ಷವೇ ಇಲ್ಲ. ಗೂಡು ಕಂಡ ಕೂಡಲೇ ಯಾರಾದರೂ ಒಬ್ಬರು “ಸೂಡಿ ಹಚ್ಚಿ ಸುಟ್ಟುಬಿಡಿ” ಅನ್ನುತ್ತಾರೆ. ನಾನು ಮೊದಲು ನೋಡುವುದು ಎರಡೇ ವಿಷಯ. ಇದು ಯಾವ ಹುಳು? ಮನೆಯವರು, ದನ, ಕೆಲಸದವರು ಓಡಾಡುವ ದಾರಿಗೆ ಗೂಡು ಎಷ್ಟು ಹತ್ತಿರ? ಇವೆರಡು ಗೊತ್ತಾದರೆ ಮುಕ್ಕಾಲು ಪಾಲು ಗೂಡುಗಳ ತಂಟೆಗೆ ಹೋಗಬೇಕಾದ ಅಗತ್ಯವೇ ಬೀಳುವುದಿಲ್ಲ.

ನಮ್ಮಲ್ಲಿ ಸೊಂಟ ಸಣ್ಣಗಿರುವ, ಚುಚ್ಚುವ ಹುಳಕ್ಕೆಲ್ಲ ಕಡಜ ಅಂತಲೇ ಹೇಳುವುದು. ಆದರೆ ಅವುಗಳ ಸ್ವಭಾವ ಒಂದೇ ಅಲ್ಲ. ಹಾರುವ ಹುಳುವಿನ ಬಣ್ಣ ನೋಡಿ ಗುರುತಿಸುವುದು ಕಷ್ಟ. ಹಾಗಾಗಿ ನಾನು ಗೂಡನ್ನೇ ನೋಡುತ್ತೇನೆ.

ಗೂಡು ಮಣ್ಣಿನದಾದರೆ ನಿಶ್ಚಿಂತೆ. ಅದು ಕುಂಬಾರ ಹುಳು. ಕಿಟಕಿ ಚೌಕಟ್ಟು, ಸ್ವಿಚ್ ಬೋರ್ಡಿನ ಹಿಂಭಾಗ, ಪಂಪಿನ ಸ್ಟಾರ್ಟರ್ ಪೆಟ್ಟಿಗೆ, ಎಲ್ಲಿ ಸಂದು ಸಿಕ್ಕರೂ ಮಣ್ಣು ಮೆತ್ತುತ್ತದೆ. ಒಂಟಿಯಾಗಿ ಬದುಕುವ ಹುಳು. ಗೂಡು ಕಾಯಲು ಹಿಂಡು ಇಲ್ಲ, ಅಟ್ಟಿಸಿಕೊಂಡು ಬರುವುದೂ ಇಲ್ಲ. ಕಿಟಕಿ ಒರೆಸುವಾಗ ಇಂಥದೊಂದು ಗೂಡು ಒಡೆಯಿತು. ಒಳಗೆ ಸಣ್ಣ ಸಣ್ಣ ಜೇಡಗಳನ್ನು ಒತ್ತೊತ್ತಾಗಿ ತುಂಬಿಟ್ಟಿತ್ತು. ಮುಟ್ಟಿದರೆ ಕಾಲು ನಿಧಾನಕ್ಕೆ ಅಲ್ಲಾಡುತ್ತಿತ್ತು. ತಾಯಿ ಹುಳು ಜೇಡಕ್ಕೆ ಚುಚ್ಚಿ ಮರಗಟ್ಟಿಸುತ್ತದೆ, ಸಾಯಿಸುವುದಿಲ್ಲ. ಮೊಟ್ಟೆಯಿಂದ ಬರುವ ಮರಿಗೆ ಅದೇ ಊಟ. ಮಣ್ಣಿನ ಗೂಡಿನಲ್ಲಿ ದುಂಡಗಿನ ತೂತು ಕಂಡರೆ ಮರಿ ಹಾರಿಹೋಗಿದೆ ಎಂದು ಅರ್ಥ. ಆಮೇಲೆ ಕೆರೆದು ತೆಗೆಯಿರಿ. ಸ್ಟಾರ್ಟರ್ ಪೆಟ್ಟಿಗೆಗೆ ಮಾತ್ರ ವೈರು ಹೋಗುವ ತೂತುಗಳನ್ನು ಮೊದಲೇ ಮುಚ್ಚಿಬಿಡಬೇಕು.

ಇನ್ನೊಂದು ಸೂರಿನ ಕೆಳಗೆ ತೂಗುವ ಬೂದು ಬಣ್ಣದ ತೆರೆದ ಗೂಡು. ಕೆಳಗೆ ನಿಂತು ನೋಡಿದರೆ ಕೋಣೆಗಳೆಲ್ಲ ಕಾಣುತ್ತವೆ. ಮೇಲೆ ಹೊದಿಕೆ ಇರುವುದಿಲ್ಲ. ಇಡೀ ಗೂಡು ಒಂದು ಸಣ್ಣ ತೊಟ್ಟಿನ ಮೇಲೆ ನಿಂತಿರುತ್ತದೆ. ಇರುವೆ ಹತ್ತದಂತೆ ಈ ತೊಟ್ಟಿಗೆ ಹುಳು ತನ್ನ ಮೈಯಿಂದ ಬರುವ ದ್ರವ ಸವರುತ್ತದೆ. ನಮ್ಮ ಮನೆಯಲ್ಲಿ ಜಾಸ್ತಿ ಇರುವುದು ಕಂದುಗೆಂಪು ಬಣ್ಣದ ರೋಪಾಲಿಡಿಯಾ ಜಾತಿಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್ಕರ್ ಅವರು ದಶಕಗಳ ಕಾಲ ಅಧ್ಯಯನ ಮಾಡಿದ ರೋಪಾಲಿಡಿಯಾ ಮಾರ್ಜಿನೇಟಾ ಇದೇ ಬಳಗದ್ದು. ಗೂಡಿಗೆ ಕೈ ತಾಗಿದರೆ ಚುಚ್ಚುತ್ತದೆ, ಇಲ್ಲದಿದ್ದರೆ ತನ್ನ ಪಾಡಿಗೆ ತಾನು. ಹಿತ್ತಿಲ ತರಕಾರಿ ಗಿಡದಿಂದ ಹಸಿರು ಹುಳ ಹಿಡಿದು ಹೊತ್ತೊಯ್ಯುವುದನ್ನು ದಿನಾ ನೋಡುತ್ತೇನೆ. ಇಷ್ಟು ಉಪಕಾರ ಮಾಡುವ ಹುಳುವನ್ನು ಸುಮ್ನೆ ಸುಡುವುದಕ್ಕೆ ನನಗೆ ಮನಸ್ಸಿಲ್ಲ. ಬಾಗಿಲ ಚಿಲಕದ ಹತ್ತಿರ, ಬಟ್ಟೆ ಒಣಹಾಕುವ ತಂತಿಯ ಹತ್ತಿರ ಕಟ್ಟಲು ಶುರು ಮಾಡಿದರೆ ಮಾತ್ರ ಚಿಕ್ಕದಿರುವಾಗಲೇ ತೆಗೆಯುತ್ತೇನೆ.

ಹೆದರಬೇಕಾದದ್ದು ಮೂರನೆಯದಕ್ಕೆ, ಅಂದರೆ ದೊಡ್ಡ ಕಡಜಕ್ಕೆ. ಇದರ ಗೂಡು ಪೂರ್ತಿ ಮುಚ್ಚಿರುತ್ತದೆ. ಮರದ ನಾರನ್ನು ಅಗಿದು ಎಂಜಲು ಸೇರಿಸಿ ಮಾಡಿದ ಕಾಗದದಂಥ ಹೊದಿಕೆ, ಅದರ ಮೇಲೆ ಕಂದು, ಬಿಳಿ ಅಲೆಯ ಗೆರೆಗಳು. ಓಡಾಡಲು ಒಂದು ತೂತು. ಒಳಗೆ ಅಂತಸ್ತು ಅಂತಸ್ತಾಗಿ ಕೋಣೆಗಳ ತಟ್ಟೆಗಳು.

ನಮ್ಮಲ್ಲಿ ಕಾಣುವ ದೊಡ್ಡ ಕಡಜ ಎರಡು ಬಗೆ. ಎರಡರ ಮೈಯೂ ಕಪ್ಪು, ಹೊಟ್ಟೆಗೆ ಹಳದಿ ಪಟ್ಟಿ. ವೆಸ್ಪಾ ಟ್ರೋಪಿಕಾ ಗಾತ್ರದಲ್ಲಿ ದೊಡ್ಡದು, ರಾಣಿ 3 ಸೆಂಟಿಮೀಟರ್ ಹತ್ತಿರ ಬರುತ್ತದೆ. ಹಳದಿ ಪಟ್ಟಿ ಸೊಂಟದಿಂದ ಸ್ವಲ್ಪ ಕೆಳಗೆ ಶುರುವಾಗುತ್ತದೆ. ಮರದ ಪೊಟರೆ, ನೆಲದ ಬಿಲ, ಗೋಡೆಯ ಟೊಳ್ಳಿನಂಥ ಮರೆಯ ಜಾಗ ಇದಕ್ಕೆ ಇಷ್ಟ. ವೆಸ್ಪಾ ಅಫಿನಿಸ್ ಸ್ವಲ್ಪ ಚಿಕ್ಕದು. ಸೊಂಟಕ್ಕೆ ಅಂಟಿದಂತೆ ಹೊಟ್ಟೆಯ ಮುಂದಿನ ಅರ್ಧವೇ ಹಳದಿ. ಗೂಡು ಮರದ ಕೊಂಬೆಯಲ್ಲೋ ಮಾಡಿನ ಕೆಳಗೋ ಎದುರಿಗೇ ತೂಗುತ್ತದೆ. ಬಿಟ್ಟರೆ ಕೊಡದಷ್ಟು ದೊಡ್ಡದಾಗುತ್ತದೆ. ಬಯಲುಸೀಮೆಯ ನೆಂಟರ ಮನೆಗೆ ಹೋದರೆ ಸಿಗುವುದು ಇನ್ನೊಂದು, ಕೆಂಪುಗಂದು ಮೈ, ಹಳದಿ ಮುಖದ ವೆಸ್ಪಾ ಓರಿಯೆಂಟಾಲಿಸ್. ಮಣ್ಣಿನ ಬಿಲದಲ್ಲಿ, ಹಳೇ ಗೋಡೆಯ ಸಂದಿನಲ್ಲಿ ಇರುತ್ತದೆ. ಮೊಬೈಲ್ ವಿಡಿಯೋಗಳಲ್ಲಿ ಬರುವ ಕಿತ್ತಳೆ ತಲೆಯ ದೈತ್ಯ ಕಡಜ ಹಿಮಾಲಯ, ಈಶಾನ್ಯದ ಕಡೆಯದು. ನಮ್ಮ ತೋಟದಲ್ಲಿ ಅದನ್ನು ಹುಡುಕಬೇಕಾಗಿಲ್ಲ.

ಟ್ರೋಪಿಕಾ ಹತ್ತಿರದಲ್ಲೆಲ್ಲೋ ಇದೆ ಎಂದು ನನಗೆ ಮೊದಲು ಗೊತ್ತಾಗುವುದು ಸೂರಿನ ಚಿಕ್ಕ ಗೂಡುಗಳಿಂದ. ಒಂದೇ ಒಂದು ದೊಡ್ಡ ಕಡಜ ಬಂದು ಗೂಡಿನ ಮೇಲೆ ಕೂರುತ್ತದೆ. ಚಿಕ್ಕವೆಲ್ಲ ಎದ್ದು ಪಕ್ಕದ ಗೋಡೆಯ ಮೇಲೆ ಕೂತುಬಿಡುತ್ತವೆ, ಎದುರಿಸುವುದಿಲ್ಲ. ದೊಡ್ಡದು ಕೋಣೆ ಕೋಣೆಗೆ ತಲೆ ತೂರಿಸಿ ಬಿಳಿ ಮರಿಗಳನ್ನು ಎಳೆದು, ಅಗಿದು, ಉಂಡೆ ಮಾಡಿಕೊಂಡು ಹಾರುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತದೆ. ಅದು ಹಾರುವ ದಿಕ್ಕನ್ನು ನೋಡುತ್ತಾ ಹೋದರೆ ಗೂಡು ಎಲ್ಲಿದೆ ಎಂಬ ಅಂದಾಜು ಸಿಗುತ್ತದೆ. ಪೊಟರೆಯ ಗೂಡನ್ನು ನಾನು ಪತ್ತೆ ಮಾಡುವುದು ಹೀಗೆಯೇ.

ಜೇನುಪೆಟ್ಟಿಗೆಯ ಮುಂದೆಯೂ ಕಡಜ ಹೊಂಚು ಹಾಕುತ್ತದೆ. ತುಡುವೆಗೆ ಅದನ್ನು ಎದುರಿಸಲು ಗೊತ್ತು. ಬಾಗಿಲಲ್ಲಿ ಸಾಲಾಗಿ ನಿಂತು ಒಟ್ಟಿಗೆ ಮೈ ಅಲುಗಿಸುತ್ತವೆ. ಕಡಜ ತೀರಾ ಹತ್ತಿರ ಬಂದರೆ ಮುತ್ತಿಕೊಂಡು ಮೈ ಬಿಸಿಯಿಂದಲೇ ಕೊಲ್ಲುತ್ತವೆ. ಆದರೆ ಕುಟುಂಬ ದುರ್ಬಲವಾಗಿದ್ದರೆ ಸೋತು ಪೆಟ್ಟಿಗೆ ಬಿಟ್ಟು ಹೋಗುತ್ತವೆ. ಅಂಥ ಪೆಟ್ಟಿಗೆಯ ಬಾಗಿಲನ್ನು ಜೇನು ಮಾತ್ರ ನುಸುಳುವಷ್ಟು ಕಿರಿದು ಮಾಡುತ್ತೇನೆ.

ಇನ್ನು ದೊಡ್ಡ ಕಡಜದ ಗೂಡು ತೆಗೆಯುವ ವಿಚಾರ. ಹೊಸ ಗೂಡನ್ನು ರಾಣಿ ಒಂಟಿಯಾಗಿ ಶುರು ಮಾಡುತ್ತದೆ. ಆಗ ಅದು ನಿಂಬೆಹಣ್ಣಿನ ಗಾತ್ರ. ರಾಣಿ ಹೊರಗೆ ಹೋದಾಗ ಉದ್ದ ಕೋಲಿನಿಂದ ಕೆಡವಿದರೆ ಮುಗಿಯಿತು. ಅದಕ್ಕೇ ಕೊಟ್ಟಿಗೆಯ ಮಾಡು, ಅಟ್ಟ, ಸೌದೆ ಮನೆಯ ಮೂಲೆಗಳನ್ನು ಆಗಾಗ ಕತ್ತೆತ್ತಿ ನೋಡುವುದನ್ನು ಬಿಡುವುದಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಗೂಡು ಬೆಳೆದಿರುತ್ತದೆ. ಆಮೇಲೆ ಅದು ಕೋಲಿನ ಕೆಲಸ ಅಲ್ಲ.

ಒಂದು ವರ್ಷ ಕೊಟ್ಟಿಗೆಯ ತೊಲೆಗೆ ಅಫಿನಿಸ್ ದೊಡ್ಡ ಗೂಡು ಕಟ್ಟಿತು. ಕಟ್ಟಿಹಾಕಿದ ದನ ಓಡಲಾರದು, ಹಾಗಾಗಿ ಬಿಡುವಂತಿರಲಿಲ್ಲ. ಜೇನು ಕೀಳುವ, ಕಡಜ ತೆಗೆದು ಅನುಭವವಿದ್ದ ಒಬ್ಬರನ್ನು ಕರೆಸಿದೆ. ಹಗಲಲ್ಲಿ ದೂರದಿಂದ ನೋಡಿ ಗೂಡಿನ ತೂತು ಯಾವ ಕಡೆ ಇದೆ ಎಂದು ಗುರುತು ಮಾಡಿಕೊಂಡೆವು. ಸಂಜೆಗೆ ಮುಂಚೆಯೇ ದನಗಳನ್ನು ಬೇರೆ ಕಡೆ ಕಟ್ಟಿದೆವು. ಪೂರ್ತಿ ಕತ್ತಲಾದ ಮೇಲೆ, ಎಲ್ಲವೂ ಗೂಡು ಸೇರಿದ ಮೇಲೆ ಕೆಲಸ. ಟಾರ್ಚಿಗೆ ಕೆಂಪು ಗಾಜುಕಾಗದ ಸುತ್ತಿ, ಕೈಯಲ್ಲಿ ಹಿಡಿಯದೆ ದೂರದ ಕಂಬಕ್ಕೆ ಕಟ್ಟಿದೆವು. ಕೆಂಪು ಬೆಳಕು ಅವಕ್ಕೆ ಸರಿಯಾಗಿ ಕಾಣುವುದಿಲ್ಲ, ಬಿಳಿ ಬೆಳಕಾದರೆ ನೇರ ಅದರತ್ತಲೇ ನುಗ್ಗುತ್ತವೆ. ಅವರು ದಪ್ಪ ಬಟ್ಟೆ, ಜೇನಿನ ಮುಖಪರದೆ, ಗಂಬೂಟು ಹಾಕಿ, ಉದ್ದ ಕೊಳವೆಯಿಂದ ತೂತಿನೊಳಗೆ ಕೀಟನಾಶಕದ ಪುಡಿ ಊದಿ, ಗಡಿಬಿಡಿ ಮಾಡದೆ ಹಿಂದೆ ಸರಿದರು. ಮರುದಿನ ಯಾರೂ ಹತ್ತಿರ ಹೋಗಲಿಲ್ಲ. ಓಡಾಟ ಪೂರ್ತಿ ನಿಂತ ಮೇಲೆ ಗೂಡನ್ನು ಕೊಯ್ದು ಗುಂಡಿಯಲ್ಲಿ ಹೂತೆವು. ಪುಡಿ ಬಿದ್ದ ಜಾಗವನ್ನು ತೊಳೆದ ಮೇಲೆಯೇ ದನ ಒಳಗೆ ಬಂದದ್ದು.

ಬೆಂಕಿಯನ್ನು ನಾನು ಒಪ್ಪುವುದೇ ಇಲ್ಲ. ಸೋಗೆ, ಒಣಹುಲ್ಲು, ಮರದ ಮಾಡು ಇರುವ ಕಡೆ ಒಂದು ಕಿಡಿ ಸಾಕು. ಕಲ್ಲು ಹೊಡೆಯುವುದು ಇನ್ನೂ ಕೆಟ್ಟದ್ದು. ಗೂಡಿನ ಹತ್ತಿರ ಒಂದು ಕಡಜವನ್ನು ಜಜ್ಜಿದರೂ ಅದರಿಂದ ಬರುವ ವಾಸನೆಗೆ ಉಳಿದವು ಎದ್ದು ಬರುತ್ತವೆ. ಏಣಿ ಹತ್ತಬೇಕಾದ ಎತ್ತರದ ಗೂಡಿಗೆ ನೀವಾಗಿ ಕೈ ಹಾಕಬೇಡಿ. ತೋಟದ ಮರದಲ್ಲಿ ದೂರಕ್ಕಿರುವ ಗೂಡನ್ನು ನಾನು ಬಿಡುತ್ತೇನೆ. ಸುತ್ತಲ ಮರಗಳಿಗೆ ಕೆಂಪು ಬಟ್ಟೆ ಕಟ್ಟಿ, ಅಡಿಕೆ ಕೊನೆ ಕೊಯ್ಯುವವರಿಗೂ ಹುಲ್ಲು ಕತ್ತರಿಸುವ ಮಷಿನ್ ಹಿಡಿಯುವವರಿಗೂ ಹೇಳಿಡುತ್ತೇನೆ. ಮಷಿನ್ ಸದ್ದು, ಅದುರು ಕಡಜವನ್ನು ಕೆರಳಿಸುತ್ತದೆ.

ಕಡಜದ ಮುಳ್ಳು ಜೇನಿನದರಂತೆ ಚರ್ಮದಲ್ಲಿ ಉಳಿಯುವುದಿಲ್ಲ. ಹಾಗಾಗಿ ಒಂದೇ ಹುಳು ಮತ್ತೆ ಮತ್ತೆ ಚುಚ್ಚುತ್ತದೆ. ಎದ್ದು ಬಂದರೆ ಮುಖ ಮುಚ್ಚಿಕೊಂಡು ಓಡಿ ಮನೆಯೊಳಗೆ ಸೇರಿ ಬಾಗಿಲು ಹಾಕಬೇಕು. ಒಂದೆರಡು ಚುಚ್ಚಿದರೆ ಸೋಪು ನೀರಿನಲ್ಲಿ ತೊಳೆದು ಐಸ್ ಇಡುತ್ತೇವೆ, ಸುಣ್ಣ ಹಚ್ಚುವುದಿಲ್ಲ. ಕೈಯ ಉಂಗುರ, ಬಳೆ ಬಾವು ಏರುವ ಮೊದಲೇ ತೆಗೆಯಬೇಕು. ತುಟಿ, ಮುಖ ಊದುವುದು, ಉಸಿರು ಕಟ್ಟುವುದು, ಮೈಯೆಲ್ಲ ದದ್ದು, ತಲೆ ಸುತ್ತು, ಇವುಗಳಲ್ಲಿ ಒಂದು ಕಂಡರೂ ಮನೆಮದ್ದಿಗೆ ಕಾಯದೆ 108ಕ್ಕೆ ಫೋನ್ ಮಾಡಿ. ಆಗ ಬೇಕಾಗುವುದು ಅಡ್ರಿನಲಿನ್ ಇಂಜೆಕ್ಷನ್, ಅದೂ ತಕ್ಷಣ. ತುಂಬಾ ಕಡೆ ಚುಚ್ಚಿದ್ದರೆ ನೋವು ಇಳಿದರೂ ಆಸ್ಪತ್ರೆಗೆ ಹೋಗಲೇಬೇಕು. ವಿಷ ಮೂತ್ರಪಿಂಡಕ್ಕೆ ಪೆಟ್ಟು ಕೊಡುವುದು ಆಮೇಲೆ. ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರೆ, ಕಡಿಮೆಯಾದರೆ ಡಾಕ್ಟರಿಗೆ ಹೇಳಿ. ಎಷ್ಟು ಹೊತ್ತಿಗೆ, ಸುಮಾರು ಎಷ್ಟು ಕಡೆ ಚುಚ್ಚಿತು ಎಂಬುದನ್ನೂ ಹೇಳಿ.