ಬಿ.ಕಾಂ. ಆದಮೇಲೆ ಎಂಬಿಬಿಎಸ್‌ಗೆ ಅರ್ಜಿ ಹಾಕುವುದು ಹೇಗೆ

ಡಿಗ್ರಿ ಸರ್ಟಿಫಿಕೇಟನ್ನು ಕಪಾಟಿನಲ್ಲೇ ಇಡಿ. ಪಿಯುಸಿ ಮಾರ್ಕ್ಸ್ ಕಾರ್ಡ್ ತೆಗೆಯಿರಿ. ಎಂಬಿಬಿಎಸ್ ಪ್ರವೇಶ ಪರೀಕ್ಷೆಯಾದ ನೀಟ್‌ಗೆ ಬೇಕಾದದ್ದು ಆ ಮಟ್ಟದ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಜೊತೆಗೆ ಇಂಗ್ಲಿಷ್. ಕಾಮರ್ಸ್‌ನವರಿಗೆ ಇಂಗ್ಲಿಷ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಬಾಕಿ ಮೂರೇ ವಿಷಯ.

ನಾನು ಮಂಗಳೂರು ಬಂದರಿನ ಒಂದು ಮಂಡಿಯಲ್ಲಿ ನಾಲ್ಕು ವರ್ಷ ಲೆಕ್ಕ ಬರೆದವನು. ಟ್ಯಾಲಿ, ಜಿಎಸ್‌ಟಿ, ಬಾಕಿಯವರಿಗೆ ಫೋನು. ಅಪ್ಪನನ್ನು ವೆನ್ಲಾಕ್ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ನೋಡಿಕೊಂಡಾಗ ಈ ಹುಚ್ಚು ಹತ್ತಿತು. ಈಗ 27ಕ್ಕೆ ಫಸ್ಟ್ ಇಯರ್. ಕ್ಲಾಸಿನವರು ‘ಅಣ್ಣ’ ಅನ್ನುತ್ತಾರೆ. ಮೊದಲ ದಿನ ಒಬ್ಬಳು ‘ಗುಡ್ ಮಾರ್ನಿಂಗ್ ಸರ್’ ಅಂದು ಎದ್ದೇ ನಿಂತಿದ್ದಳು.

ವಯಸ್ಸಿನ ಚಿಂತೆ ಬೇಡ. ನೀಟ್‌ಗೆ ಇದ್ದ ಮೇಲಿನ ವಯೋಮಿತಿಯನ್ನು 2022ರಲ್ಲಿ ತೆಗೆದುಹಾಕಿದ್ದಾರೆ.

ಚಿಂತೆ ಮಾಡಬೇಕಾದದ್ದು ಏಜೆಂಟರ ಬಗ್ಗೆ. ಒಬ್ಬ ನನಗೆ ‘ಬ್ರಿಡ್ಜ್ ಕೋರ್ಸ್ ಇದೆ, ಮ್ಯಾನೇಜ್‌ಮೆಂಟ್ ಸೀಟಿಗೆ ನೀಟ್ ಎಲ್ಲ ಬೇಡ ಮಾರಾಯ್ರೆ’ ಅಂದ. ಹದಿನೈದು ಸಾವಿರ ಅಡ್ವಾನ್ಸ್ ಕೊಟ್ಟೆ. ಊರವರ ಬಾಕಿ ವಸೂಲಿ ಮಾಡುತ್ತಿದ್ದ ನನಗೆ ಅದನ್ನು ಮಾತ್ರ ವಸೂಲಿ ಮಾಡಲು ಆಗಲಿಲ್ಲ. ಮ್ಯಾನೇಜ್‌ಮೆಂಟ್ ಇರಲಿ, ಎನ್‌ಆರ್‌ಐ ಇರಲಿ, ನೀಟ್ ಇಲ್ಲದೆ ಎಂಬಿಬಿಎಸ್ ಸೀಟಿಲ್ಲ.

ಸರಿಯಾದ ದಾರಿ ಇದು. ಪಿಯುಸಿ ಮುಗಿದ ಮೇಲೆ ಈ ವಿಷಯಗಳನ್ನು ಹೆಚ್ಚುವರಿಯಾಗಿ ಪಾಸು ಮಾಡಿದವರೂ ನೀಟ್ ಬರೆಯಬಹುದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರ್‌ನಲ್ಲಿ ಪ್ರಕಟಣೆ ಹೊರಡಿಸಿತು. ನಾನು ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ, ಮೂರು ವಿಷಯಕ್ಕೆ ಮಾತ್ರ ಸೇರಿಕೊಂಡೆ. ಅದಕ್ಕೆ ‘ಪಾರ್ಟ್ ಅಡ್ಮಿಷನ್’ ಅನ್ನುತ್ತಾರೆ. ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್. ಬರೀ ಪಾಸಾದರೆ ಸಾಲದು. ಮೂರೂ ವಿಷಯ ಸೇರಿ ಜನರಲ್‌ನವರಿಗೆ ಶೇ 50, ಎಸ್‌ಸಿ, ಎಸ್‌ಟಿ, ಹಿಂದುಳಿದ ವರ್ಗದವರಿಗೆ ಶೇ 40 ಇರಬೇಕು.

ಪ್ರಾಕ್ಟಿಕಲ್ ಬೇರೆಯೇ ಪಾಸಾಗಬೇಕು. ನನ್ನಂಥವರು ಬೀಳುವುದು ಅಲ್ಲೇ. ಕೆಮಿಸ್ಟ್ರಿ ಲ್ಯಾಬಿನ ಬ್ಯುರೆಟ್ಟನ್ನು, ಅಂದರೆ ಹನಿ ಹನಿಯಾಗಿ ದ್ರಾವಣ ಬಿಡುವ ನಲ್ಲಿಯಿರುವ ಗಾಜಿನ ಕೊಳವೆಯನ್ನು, ಜೀವಮಾನದಲ್ಲಿ ಮುಟ್ಟಿದವನಲ್ಲ. ಒಳಗಿದ್ದದ್ದು ಅಮ್ಮ ಮಳೆಗಾಲದಲ್ಲಿ ಬಾವಿಗೆ ಹಾಕುವ ಅದೇ ಪರ್ಮಾಂಗನೇಟು. ಹನಿ ಬಿದ್ದಲ್ಲಿ ನೇರಳೆ, ಫ್ಲಾಸ್ಕ್ ಅಲ್ಲಾಡಿಸಿದರೆ ಮಾಯ. ಮತ್ತೆ ಹನಿ, ಮತ್ತೆ ಮಾಯ. ಬೇಸರ ಬಂದು ನಲ್ಲಿ ಸ್ವಲ್ಪ ಜಾಸ್ತಿ ತಿರುಗಿಸಿದೆ. ಫ್ಲಾಸ್ಕ್ ಪೂರ್ತಿ ಪುನರ್ಪುಳಿ ಶರಬತ್ತು! ಬೇಕಿದ್ದದ್ದು ಕಂಡೂ ಕಾಣದಂಥ ಗುಲಾಬಿ, ಅಲ್ಲಾಡಿಸಿದರೂ ಮಾಯವಾಗಬಾರದು. ಪುಣ್ಯಕ್ಕೆ ಅದು ಅಭ್ಯಾಸದ ದಿನ. ಆಮೇಲೆ ನಾಲ್ಕು ಭಾನುವಾರ ಪರಿಚಯದ ಮೇಷ್ಟ್ರೊಬ್ಬರ ಲ್ಯಾಬಿನಲ್ಲಿ ಹನಿ ಎಣಿಸಿದೆ. ನೀವೂ ಯಾರನ್ನಾದರೂ ಹಿಡಿದುಕೊಳ್ಳಿ. ವಿಡಿಯೋ ನೋಡಿದರೆ ಕೈಗೆ ಬರುವುದಿಲ್ಲ.

ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಅದರಲ್ಲಿ 360 ಬಯಾಲಜಿಯದ್ದೇ. ಎನ್‌ಸಿಇಆರ್‌ಟಿ ಪುಸ್ತಕವನ್ನು ಸಾಲು ಬಿಡದೆ ಓದಿದರೆ ಕಾಮರ್ಸ್‌ನವರಿಗೂ ಅದು ಒಲಿಯುತ್ತದೆ. ಫಿಸಿಕ್ಸ್ ನನಗೆ ಕೊನೆವರೆಗೂ ಒಲಿಯಲಿಲ್ಲ, ಸುಳ್ಳು ಹೇಳುವುದಿಲ್ಲ. ಸರಿ ಉತ್ತರಕ್ಕೆ 4, ತಪ್ಪಿಗೆ 1 ಕಡಿತ. ಗೊತ್ತಿಲ್ಲದ್ದನ್ನು ಸುಮ್ನೆ ಬಿಟ್ಟೆ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಜೊತೆಗೆ ಇಂಗ್ಲಿಷ್ ಇರುತ್ತದೆ. ಆದರೆ ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷ್‌ನದ್ದೇ ಅಂತಿಮ.

ಅರ್ಜಿ ತುಂಬುವ ಮೊದಲು ಹೆಸರು ನೋಡಿಕೊಳ್ಳಿ. ನನ್ನ ಎಸ್ಸೆಸ್ಸೆಲ್ಸಿಯಲ್ಲಿ ಬರೀ ಇನಿಷಿಯಲ್, ಆಧಾರ್‌ನಲ್ಲಿ ಮನೆತನದ ಹೆಸರು. ಸರಿ ಮಾಡಿಸಲು ಒಂದೂವರೆ ತಿಂಗಳು ಹೋಯಿತು.

ಸೀಟು ಹಂಚುವ ಕೌನ್ಸೆಲಿಂಗ್ ಎರಡು ಕಡೆ. ರಾಜ್ಯದ್ದು ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಡೀಮ್ಡ್, ಅಂದರೆ ವಿಶ್ವವಿದ್ಯಾಲಯದ ಸ್ಥಾನಮಾನ ಪಡೆದ ಸಂಸ್ಥೆಗಳದ್ದು ಕೇಂದ್ರದ ಎಂಸಿಸಿ. ಮಣಿಪಾಲದ ಕೆಎಂಸಿ, ದೇರಳಕಟ್ಟೆಯ ಯೆನೆಪೋಯ ಇವೆಲ್ಲ ಡೀಮ್ಡ್. ಕಂಕನಾಡಿಯ ಫಾದರ್ ಮುಲ್ಲರ್‌ನ ಸರ್ಕಾರಿ ಕೋಟಾ ಸೀಟು ಕೆಇಎಯಲ್ಲಿ ಬರುತ್ತದೆ. ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಯಲ್ಲಿ ಇಷ್ಟು ಮೆಡಿಕಲ್ ಕಾಲೇಜಿದ್ದರೂ ಸರ್ಕಾರದ್ದು ಒಂದೂ ಇಲ್ಲ, ವಿಚಿತ್ರ ಅಲ್ವಾ? ಹಾಗಾಗಿ ಕಾರವಾರ, ಮಡಿಕೇರಿ, ಹಾಸನ, ಶಿವಮೊಗ್ಗದ ಸರ್ಕಾರಿ ಕಾಲೇಜುಗಳನ್ನೂ ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿಯಲ್ಲಿ, ಮರೆಯದೆ ಹಾಕಿ.

ಕೆಇಎಗೆ ಕರ್ನಾಟಕದಲ್ಲಿ 7 ವರ್ಷ ಓದಿದ ಸ್ಟಡಿ ಸರ್ಟಿಫಿಕೇಟ್ ಬೇಕು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿಯೊಂದಿಗೆ. ಕನ್ನಡ ಮಾಧ್ಯಮ, ಗ್ರಾಮೀಣ ಸರ್ಟಿಫಿಕೇಟೂ ಅದೇ ಓಡಾಟದಲ್ಲಿ ಮಾಡಿಸಿ. ನಾನು ಮೂರಕ್ಕೂ ಬೇರೆ ಬೇರೆ ದಿನ ಬಂಟ್ವಾಳದ ಬಸ್ಸು ಹತ್ತಿದೆ.

ಕೆಲಸ ಮಾತ್ರ ಸೀಟು ಕೈಗೆ ಬರುವವರೆಗೆ ಬಿಡಬೇಡಿ. ಅಲಾಟ್‌ಮೆಂಟ್ ಬಂದ ದಿನ ಧಣಿಗಳಿಗೆ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ‘ಈ ತಿಂಗಳ ರಿಟರ್ನ್ ಹಾಕಿ ಹೋಗು’ ಅಂದರು. ಹಾಕಿಯೇ ಹೋದೆ.