ಕಿರ್ದಿ ಪುಸ್ತಕದಿಂದ ಕಂಪ್ಯೂಟರಿಗೆ: ಸಂಘದ ಲೆಕ್ಕ ಬದಲಿಸಲು ಹೊರಟವರಿಗೆ

ಶಿರಸಿ ತಾಲ್ಲೂಕಿನ ಒಂದು ಸೇವಾ ಸಹಕಾರಿ ಸಂಘದಲ್ಲಿ ನಾನು ಇಪ್ಪತ್ತೆಂಟು ವರ್ಷ ದುಡಿದೆ. ಕೊನೆಯ ಹನ್ನೊಂದು ವರ್ಷ ಕಾರ್ಯದರ್ಶಿಯಾಗಿದ್ದೆ. ಬೆಳೆಸಾಲ, ಮುದ್ದತಿ ಠೇವು (ಠೇವಣಿ), ಕಿರಾಣಿ, ಗೊಬ್ಬರ, ಮಳೆಗಾಲದ ಮುಂಚೆ ಮೈಲುತುತ್ತ ಮತ್ತು ಸುಣ್ಣ, ಇಷ್ಟೂ ವ್ಯವಹಾರವನ್ನು ಕೈಬರಹದ ಪುಸ್ತಕದಿಂದ ಕಂಪ್ಯೂಟರಿಗೆ ತಂದ ಕೆಲಸ ನನ್ನ ಪಾಲಿಗೆ ಬಂದಿತ್ತು. ಅದನ್ನು ಸಂಘದ ಸ್ವಂತ ಹಣದಲ್ಲಿ ಮಾಡಿದೆವು. ಆಮೇಲೆ 2022ರ ಜೂನ್ 29ರಂದು ಕೇಂದ್ರ ಸಂಪುಟವು ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅಂದಿನಿಂದ ಅಕ್ಕಪಕ್ಕದ ಸಂಘಗಳ ಕಾರ್ಯದರ್ಶಿಗಳು ನನಗೆ ಫೋನ್ ಮಾಡಿ ತಂತ್ರಾಂಶ ಹೇಗೆ, ಪ್ರಿಂಟರ್ ಯಾವುದು ಎಂದು ಕೇಳುತ್ತಾರೆ. ನಾನು ಅವರಿಗೆ ಕೇಳುವ ಮೊದಲ ಪ್ರಶ್ನೆ ಬೇರೆ: ನಿಮ್ಮ ಸಂಘದಲ್ಲಿ ಇದು ಬೇಡವೇ ಬೇಡ ಎನ್ನುತ್ತಿರುವವರು ಯಾರು?

ಆ ವ್ಯಕ್ತಿಯನ್ನು ಮೊದಲು ಹುಡುಕಿ. ನಮ್ಮಲ್ಲಿ ಅವರು ಹಿರಿಯ ಗುಮಾಸ್ತರು. ಮೂವತ್ತೊಂದು ವರ್ಷದ ರೋಜುಕಿರ್ದಿ, ಅಂದರೆ ದಿನದಿನದ ಜಮಾಖರ್ಚಿನ ಪುಸ್ತಕ, ಅವರ ಕೈಬರಹದಲ್ಲೇ ಇತ್ತು. ಒಂದು ತಿದ್ದುಪಡಿ ಇದ್ದರೆ ಅದರ ಪಕ್ಕದಲ್ಲಿ ಸಹಿ ಇರುತ್ತಿತ್ತು. ಆಡಳಿತ ಮಂಡಳಿಯ ಸಭೆಯಲ್ಲಿ ವಿಷಯ ಬಂದ ದಿನ ಅವರು ಏನೂ ಮಾತಾಡಲಿಲ್ಲ. ಸಂಜೆ ಬೀಗ ಹಾಕುವಾಗ ಮಾತ್ರ, "ತಂಗಿ, ಇದು ಕೆಡುತ್ತದೆ" ಎಂದರು. ಕೆಲವು ನಿರ್ದೇಶಕರು ಅವರನ್ನು ಕಿರಾಣಿ ವಿಭಾಗಕ್ಕೆ ಹಾಕಿ ಹೊಸ ಹುಡುಗರಿಂದ ಕೆಲಸ ಮಾಡಿಸೋಣ ಎಂದರು. ನಾನು ಒಪ್ಪಲಿಲ್ಲ. ಮರುದಿನ ನೂರು ಪುಟದ ಒಂದು ವಹಿ ತಂದು ಅವರ ಮುಂದಿಟ್ಟು, "ಅಣ್ಣ, ಎಲ್ಲೆಲ್ಲಿ ಕೆಡುತ್ತದೆ ಎಂದು ಇದರಲ್ಲಿ ಬರೆದುಕೊಡಿ. ಒಂದನ್ನೂ ಬಿಡಬೇಡಿ" ಎಂದು ಕೇಳಿದೆ. ಎರಡು ಸಂಜೆಗಳಲ್ಲಿ ಹತ್ತೊಂಬತ್ತು ಸಾಲು ಬರೆದರು. ನಮ್ಮ ಇಡೀ ಯೋಜನೆಯಲ್ಲಿ ಅಷ್ಟು ಬೆಲೆಬಾಳುವ ಕಾಗದ ಇನ್ನೊಂದಿರಲಿಲ್ಲ.

ಅವರ ಮೂರನೆಯ ಸಾಲು ಹೀಗಿತ್ತು: "ಮನೆ ಹೆಸರು ಎಲ್ಲಿ ಬರೆಯುವುದು?" ಘಟ್ಟದ ಮೇಲಿನ ಊರುಗಳನ್ನು ಬಲ್ಲವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಒಂದೇ ಊರಿನಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಒಂದೇ ಆಗಿರುವ ಇಬ್ಬರು ಸದಸ್ಯರು ನಮ್ಮಲ್ಲಿದ್ದರು. ಖಾತೆ ಪುಸ್ತಕದಲ್ಲಿ ಒಬ್ಬರ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಮೇಲಿನಮನೆ, ಇನ್ನೊಬ್ಬರದಕ್ಕೆ ಕೆಳಗಿನಮನೆ ಎಂದಿತ್ತು. ಒಬ್ಬರಿಗೆ ದೊಡ್ಡ ಠೇವು, ಇನ್ನೊಬ್ಬರಿಗೆ ದೊಡ್ಡ ಸಾಲ. ತಂತ್ರಾಂಶದಲ್ಲಿ ಮನೆ ಹೆಸರಿಗೆ ಜಾಗವೇ ಇರಲಿಲ್ಲ. ಅದನ್ನು ತಯಾರಿಸಿದವರಿಗೆ ಇದು ಹೊಳೆಯುವುದು ಸಾಧ್ಯವಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಮೂವತ್ತೊಂದು ವರ್ಷ ಆ ಸಣ್ಣ ಅಕ್ಷರವನ್ನು ಬರೆದ ಕೈಗೆ ಮಾತ್ರ ಗೊತ್ತಿತ್ತು. ಕೆಲಸ ಶುರುವಾಗುವ ಮೊದಲೇ ಆ ಜಾಗ ಸೇರಿಸಿಕೊಂಡೆವು, ಹಣವೇನೂ ಹೆಚ್ಚು ಬೀಳಲಿಲ್ಲ.

ಏನೇನು ಕೆಡಬಹುದು ಎಂದು ಬರೆಯುವ ಇಂಥ ಅಪಾಯದ ವಹಿಯನ್ನು ಹೀಗೆ ಇಡಿ. ಒಂದೊಂದು ಸಾಲಿಗೂ ಎದುರುಬದುರು ಎರಡು ಪುಟದುದ್ದಕ್ಕೂ ಆರು ಅಂಕಣ: ಏನು ಕೆಡಬಹುದು, ಕೆಡುತ್ತಿದೆ ಎಂಬುದು ಮೊದಲು ಯಾರ ಕಣ್ಣಿಗೆ ಬೀಳುತ್ತದೆ, ತಡೆಯಲು ಏನು ಮಾಡುತ್ತೇವೆ, ತಡೆದರೂ ಕೆಟ್ಟರೆ ಏನು ಮಾಡುತ್ತೇವೆ, ಯಾರ ಹೊಣೆ, ಯಾವ ತಾರೀಖಿನೊಳಗೆ. ಹೊಣೆಯ ಅಂಕಣದಲ್ಲಿ 'ಸಿಬ್ಬಂದಿ' ಎಂದೋ 'ಆಡಳಿತ ಮಂಡಳಿ' ಎಂದೋ ಬರೆದರೆ ಆ ಸಾಲು ಸತ್ತಂತೆ. ಒಬ್ಬರ ಹೆಸರೇ ಬೇಕು. ಎರಡನೆಯ ಅಂಕಣವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ನನ್ನ ಅನುಭವದಲ್ಲಿ ಅದೇ ಮುಖ್ಯ. ಅಡಿಕೆಯ ಕೊಳೆರೋಗಕ್ಕೆ ನಾವು ಕಾಯಿ ಉದುರುವವರೆಗೆ ಕಾಯುವುದಿಲ್ಲ, ಮಳೆ ಹಿಡಿಯುವ ಮೊದಲೇ ಒಂದು ಸಲ ಮೈಲುತುತ್ತ, ಸುಣ್ಣ ಕೂಡಿಸಿದ ಬೋರ್ಡೋ ದ್ರಾವಣ ಹೊಡೆಸಿ, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ ಹೊಡೆಸುತ್ತೇವೆ. ಆ ನಡುವೆಯೂ ತೋಟಕ್ಕೆ ಹೋದಾಗಲೆಲ್ಲ ಮರದ ಬುಡದಲ್ಲಿ ಬಣ್ಣಗೆಟ್ಟ ಕಾಯಿ ಬಿದ್ದಿದೆಯೇ ಎಂದು ನೋಡುತ್ತಲೇ ಇರುತ್ತೇವೆ. ಆ ನೋಟವನ್ನೇ ಕಚೇರಿಗೂ ತರಬೇಕು.

ಅಪಾಯಗಳಿಗೆ ಅಂಕ ಕೊಡುವ ಕ್ರಮವಿದೆ. ಸಂಭವ ಎಷ್ಟು ಎಂಬುದಕ್ಕೆ ಒಂದರಿಂದ ಮೂರು, ಹಾನಿ ಎಷ್ಟು ಎಂಬುದಕ್ಕೆ ಒಂದರಿಂದ ಮೂರು, ಎರಡನ್ನೂ ಗುಣಿಸುವುದು. ಮಾಡಿ, ಅದರಿಂದ ಚರ್ಚೆಗೆ ಒಂದು ಕ್ರಮ ಬರುತ್ತದೆ. ಆದರೆ ಗುಣಲಬ್ಧವನ್ನು ಮಾತ್ರ ನಂಬಬೇಡಿ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಳ್ಳುವುದು ಮೂರು ಗುಣಿಸು ಒಂದು, ಒಬ್ಬ ವಿಧವೆಯ ಠೇವು ಬೇರೆಯವರ ಖಾತೆಗೆ ಸೇರುವುದು ಒಂದು ಗುಣಿಸು ಮೂರು. ಎರಡೂ ಮೂರೇ! ಸದಸ್ಯರ ಹಣಕ್ಕೆ ಕೈ ತಾಗುವ ಸಾಲುಗಳ ಕೆಳಗೆ ನಾವು ಕೆಂಪು ಗೆರೆ ಎಳೆದು, ಅಂಕ ಏನೇ ಇರಲಿ, ಪ್ರತಿ ಸೋಮವಾರ ಅವನ್ನೇ ಮೊದಲು ಓದುತ್ತಿದ್ದೆವು.

ಯಾವಾಗ ಶುರು ಮಾಡಬೇಕು ಎಂಬುದರಲ್ಲಿ ಎಲ್ಲರೂ ಏಪ್ರಿಲ್ 1 ಎನ್ನುತ್ತಾರೆ. ಲೆಕ್ಕದ ವರ್ಷ ಅಲ್ಲಿಂದಲೇ ಆರಂಭವಾಗುವುದು ನಿಜ. ಆದರೆ ನಮ್ಮ ಸೀಮೆಯಲ್ಲಿ ನವೆಂಬರಿನಿಂದ ಅಡಿಕೆ ಕೊನೆಗಳ ಕೊಯ್ಲು, ಆಮೇಲೆ ಚಾಲಿ ಅಡಿಕೆ ಒಣಗಿಸುವುದು, ಮಾರಾಟ, ಮಾರ್ಚಿನಲ್ಲಿ ಸಾಲ ಮರುಪಾವತಿ, ಅದರ ಬೆನ್ನಿಗೇ ಹೊಸ ಸಾಲ, ಮೇ ತಿಂಗಳಲ್ಲಿ ಮೈಲುತುತ್ತಕ್ಕೆ ಸಾಲುಗಟ್ಟುವ ಜನ. ಆ ಗದ್ದಲದಲ್ಲಿ ಹೊಸದನ್ನು ಕಲಿಯುವುದು ಆಗದ ಮಾತು. ನಾವು ಮಾರ್ಚ್ 31ರ ಶಿಲ್ಕನ್ನು (ಉಳಿಕೆ ಮೊತ್ತವನ್ನು) ಇಟ್ಟುಕೊಂಡು ಜೂನ್ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ಹಳೆಯ ಖಾತೆಗಳನ್ನು ತುಂಬಿದೆವು. ಮಳೆಗಾಲದಲ್ಲಿ ಕರೆಂಟು ಇರುವುದಿಲ್ಲವಲ್ಲ ಎಂದು ಅಧ್ಯಕ್ಷರು ಆಕ್ಷೇಪಿಸಿದರು, ಅದು ಸರಿಯಾದ ಆಕ್ಷೇಪವೇ. ಕರೆಂಟಿಗೆ ಜನರೇಟರ್ ಇದೆ, ಕೌಂಟರಿನ ಮುಂದೆ ನಿಂತ ಐವತ್ತು ಮಂದಿಗೆ ಯಾವ ಯಂತ್ರವೂ ಇಲ್ಲ ಎಂದು ಅವರಿಗೆ ಹೇಳಿದೆ. ಎರಡು ಅಪಾಯಗಳ ನಡುವೆ ಆರಿಸಬೇಕಾದಾಗ, ದುಡ್ಡು ಕೊಟ್ಟು ತಗ್ಗಿಸಬಹುದಾದ ಅಪಾಯವನ್ನು ಆರಿಸಿ.

ಸೆಪ್ಟೆಂಬರಿನಿಂದ ಮಾರ್ಚಿನವರೆಗೆ ಜೋಡಿ ಲೆಕ್ಕ: ಪುಸ್ತಕವೂ ಇರುತ್ತದೆ, ಕಂಪ್ಯೂಟರೂ ಇರುತ್ತದೆ. ಈ ಏಳು ತಿಂಗಳು ಸಿಬ್ಬಂದಿಗೆ ನಿಜಕ್ಕೂ ಕಷ್ಟ, ಅದನ್ನು ಮೊದಲೇ ಹೇಳಿ, ಹೆಚ್ಚುವರಿ ಭತ್ಯೆಗೆ ಆಡಳಿತ ಮಂಡಳಿಯಲ್ಲಿ ಠರಾವು ಮಾಡಿಸಿ. ದಣಿದವರು ಎರಡನೇ ತಿಂಗಳಿಗೆ ಪರದೆಯ ಮೇಲಿನ ಮೊತ್ತವನ್ನು ನೋಡಿ ಪುಸ್ತಕಕ್ಕೆ ಇಳಿಸಲು ಶುರು ಮಾಡುತ್ತಾರೆ. ಆಗ ಎರಡೂ ತಾಳೆಯಾಗುತ್ತವೆ, ತಪ್ಪೂ ಎರಡರಲ್ಲೂ ಇರುತ್ತದೆ. ನಾವು ಒಂದು ನಿಯಮ ಮಾಡಿದೆವು. ಪುಸ್ತಕ ಬರೆಯುವವರು ಪರದೆ ನೋಡುವಂತಿಲ್ಲ, ವೋಚರಿನಿಂದಲೇ ಬರೆಯಬೇಕು. ಸಂಜೆ ಐದಕ್ಕೆ ಮೂರನೆಯವರು ಬಂದು ಎರಡರ ಶಿಲ್ಕನ್ನೂ ಗಟ್ಟಿಯಾಗಿ ಓದಬೇಕು.

ಈ ನಿಯಮದಿಂದಲೇ ಅಕ್ಟೋಬರಿನಲ್ಲಿ ನಮ್ಮ ಅತಿ ದೊಡ್ಡ ತಪ್ಪು ಸಿಕ್ಕಿತು. ಮೊತ್ತಗಳೆಲ್ಲ ಪೈಸೆಗೆ ಪೈಸೆ ಸರಿ ಇದ್ದವು. ಗುಮಾಸ್ತರು ಸಾಲದ ಗಡುವಿನ ಪಟ್ಟಿಯನ್ನು ಪುಸ್ತಕದಿಂದ ಬರೆದು ತಂದು ಪ್ರಿಂಟಿನ ಪಕ್ಕ ಇಟ್ಟರು. ಪುಸ್ತಕದಲ್ಲಿ 05-03 ಎಂದಿದ್ದ ಸಾಲ ಪ್ರಿಂಟಿನಲ್ಲಿ ಮೇ 3 ಎಂದಿತ್ತು. ಮಾರ್ಚ್ 5 ಅದು! ಒಂದು ಕಂತೆ ಖಾತೆಗಳನ್ನು ಒಳಗೆ ಹಾಕುವಾಗ ತಿಂಗಳು ಮತ್ತು ದಿನ ಅದಲು ಬದಲಾಗಿದ್ದವು. ದಿನದ ಅಂಕಿ ಹನ್ನೆರಡಕ್ಕಿಂತ ಹೆಚ್ಚಿದ್ದಲ್ಲಿ ತಂತ್ರಾಂಶ ತಪ್ಪು ತೋರಿಸಿತ್ತು, ಅದನ್ನು ನಾವು ತಿದ್ದಿದ್ದೆವು. ಹನ್ನೆರಡರೊಳಗಿನವು ಸದ್ದಿಲ್ಲದೆ ಒಳಗೆ ಹೋಗಿ ಕೂತಿದ್ದವು. ಬೆಳೆಸಾಲದ ಬಡ್ಡಿ ರಿಯಾಯಿತಿ ಗಡುವಿನೊಳಗೆ ತೀರಿಸಿದವರಿಗೆ ಮಾತ್ರ ಸಿಗುತ್ತದೆ. ಪರದೆಯನ್ನು ನಂಬಿ ನಾವು ಮೇ ಎಂದು ಹೇಳಿದ್ದರೆ, ಏಪ್ರಿಲಿನಲ್ಲಿ ಪ್ರಾಮಾಣಿಕವಾಗಿ ಹಣ ತಂದ ರೈತ ಸುಸ್ತಿದಾರನಾಗುತ್ತಿದ್ದ. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಮರುದಿನದಿಂದ ಪ್ರತಿ ಸಾಲದ ಗಡುವನ್ನೂ ಇಬ್ಬರು ಕೂತು, ಒಬ್ಬರು ಓದಿ ಒಬ್ಬರು ಗುರುತು ಹಾಕಿ, ಒಂಬತ್ತು ದಿನಗಳಲ್ಲಿ ಪರಿಶೀಲಿಸಿದೆವು. ಮೊತ್ತ ತಾಳೆಯಾದರೆ ಸಾಲದು, ತಾರೀಖು, ಬಡ್ಡಿದರ, ಜಾಮೀನುದಾರರು, ನಾಮನಿರ್ದೇಶಿತರು, ಇವನ್ನೂ ಒಂದೊಂದಾಗಿ ತಾಳೆ ನೋಡಿ.

ಸದಸ್ಯರ ವಿಷಯಕ್ಕೆ ಬರುತ್ತೇನೆ. ಸರ್ವಸಾಧಾರಣ ಸಭೆಯಲ್ಲಿ ಘೋಷಿಸಿ ಚಪ್ಪಾಳೆ ಹೊಡೆಸಿಕೊಂಡರೆ ಅವರ ಒಪ್ಪಿಗೆ ಸಿಕ್ಕಂತಲ್ಲ. ಸಭೆಗೆ ಮೊದಲೇ, ಬೆಳಿಗ್ಗೆ ಹಾಲು ಹಾಕಲು ಬಂದವರ ಜೊತೆ, ಸ್ವಸಹಾಯ ಸಂಘದ ಹೆಂಗಸರ ಜೊತೆ ನಾಲ್ಕು ನಾಲ್ಕು ಜನರಂತೆ ಮಾತಾಡಿ. ನಮ್ಮಲ್ಲಿ ಹಬ್ಬಿದ ಗಾಳಿಮಾತು, ಯಾರ ಸಾಲ ಎಷ್ಟು ಎಂಬುದು ಇನ್ನು ಎಲ್ಲರಿಗೂ ಕಾಣುತ್ತದೆ ಎಂಬುದು. ಇದನ್ನು ಗಾಳಿಮಾತು ಎಂದು ತಳ್ಳಿಹಾಕದೆ ನಾನು ಕೌಂಟರಿನ ಹೊರಗೆ ಹೋಗಿ ನಿಂತು ನೋಡಿದೆ. ಪರದೆ ಸ್ಪಷ್ಟವಾಗಿ ಕಾಣುತ್ತಿತ್ತು! ಜನರ ಭಯ ನಿಜವೇ ಆಗಿತ್ತು. ಮೇಜನ್ನು ತಿರುಗಿಸಿ ಗೋಡೆಗೆ ಬೆನ್ನು ಮಾಡಿ ಕೂರುವಂತೆ ಹಾಕಿಸಿದೆವು, ಮಾತು ಹದಿನೈದು ದಿನದಲ್ಲಿ ತಣ್ಣಗಾಯಿತು.

ಆಮೇಲೆ ಪ್ರತಿ ಸದಸ್ಯರಿಗೂ ಅವರ ಠೇವು, ಸಾಲ, ಷೇರು ಮುದ್ರಿಸಿದ ಒಂದು ಚೀಟಿ ತೆಗೆದುಕೊಂಡು ಮನೆಮನೆಗೆ ಹೋದೆವು. ಅಂಚೆಯಲ್ಲಿ ಕಳಿಸಬೇಡಿ. ಒಂದು ಮನೆಯಲ್ಲಿ ಎಪ್ಪತ್ತು ದಾಟಿದ ಅಮ್ಮ ಅಕ್ಕಿ ಡಬ್ಬದ ಹಿಂದಿನಿಂದ ತಗಡಿನ ಪೆಟ್ಟಿಗೆ ತೆಗೆದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪಾಸ್‌ಬುಕ್ಕನ್ನು ಬಿಚ್ಚಿ, ನಮ್ಮ ಚೀಟಿಯನ್ನು ಪಕ್ಕದಲ್ಲಿಟ್ಟು ಬೆರಳಿನಿಂದ ಅಂಕಿ ಅಂಕಿಯಾಗಿ ಓದಿದರು. ನಲವತ್ತು ರೂಪಾಯಿ ಕಮ್ಮಿ ಇತ್ತು. ಪಾಸ್‌ಬುಕ್ಕೇ ಸರಿಯಾಗಿತ್ತು, ನಮ್ಮಲ್ಲಿ ಒಂದು ಬಡ್ಡಿ ಜಮೆ ತಪ್ಪಿತ್ತು. ತಿದ್ದಿ ಹೊಸ ಚೀಟಿ ಮರುದಿನವೇ ಕೊಟ್ಟೆವು. ಆ ಕೇರಿಯಲ್ಲಿ ಆಮೇಲೆ ಯಾರೂ ಕಂಪ್ಯೂಟರ್ ಬೇಡ ಎನ್ನಲಿಲ್ಲ, ಆ ಅಮ್ಮನೇ ಎಲ್ಲರಿಗೂ ಹೇಳಿದ್ದರು.

ಯಂತ್ರದ ವಿಷಯ ಚಿಕ್ಕದು. ಏಪ್ರಿಲ್, ಮೇ ಸಂಜೆಯ ಸಿಡಿಲಿಗೆ ಮೋಡೆಮ್ ಸುಡುತ್ತದೆ, ಮನೆಗೆ ಹೋಗುವಾಗ ವೈರುಗಳನ್ನೆಲ್ಲ ಕಿತ್ತಿಡುವುದು ಒಬ್ಬರ ಹೆಸರಿನಲ್ಲಿ ಇರಲಿ. ದಿನದ ಪ್ರತಿಯನ್ನು ಎರಡು ಡಿಸ್ಕಿನಲ್ಲಿ ತೆಗೆದು, ಒಂದನ್ನು ಕಚೇರಿಯ ಕಪಾಟಿನಲ್ಲಿ, ಇನ್ನೊಂದನ್ನು ಬೇರೆ ಕಟ್ಟಡದ ತಿಜೋರಿಯಲ್ಲಿ ಇಡಿ. ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಿ, ತೆರೆಯದ ಪ್ರತಿ ಇದ್ದೂ ಇಲ್ಲದಂತೆ. ತಂತ್ರಾಂಶವನ್ನು ಸ್ವಂತ ಹಣದಲ್ಲಿ ಕೊಳ್ಳುವುದಾದರೆ ಕರಾರಿನಲ್ಲಿ ಎರಡು ಮಾತು ಇರಲಿ: ಮೊದಲ ಮಾರ್ಚ್ ಕೊನೆಯ ವಾರ ಅವರ ಒಬ್ಬರು ನಮ್ಮ ಕಚೇರಿಯಲ್ಲೇ ಇರಬೇಕು, ಕೊನೆಯ ಕಂತು ಆ ವರ್ಷದ ಲೆಕ್ಕಪರಿಶೋಧನೆ ಮುಗಿದ ಮೇಲೆ.

ಹಿಂದಕ್ಕೆ ಬರುವ ದಾರಿಯನ್ನು ಹೊರಡುವ ಮೊದಲೇ ನಡಾವಳಿ ಪುಸ್ತಕದಲ್ಲಿ ಬರೆಸಿ. ನಮ್ಮ ಠರಾವು ಹೀಗಿತ್ತು: ಡಿಸೆಂಬರ್ 15ರೊಳಗೆ ಸತತ ಎರಡು ತಿಂಗಳು ತಾಳೆಯಾಗದಿದ್ದರೆ ಆ ವರ್ಷ ಪುಸ್ತಕದ ಲೆಕ್ಕವೇ ಅಧಿಕೃತ, ತಾಳೆಯಾದರೂ ಮಾರ್ಚ್ 31ರವರೆಗೆ ಪುಸ್ತಕ ನಿಲ್ಲಿಸುವಂತಿಲ್ಲ, ನಿಲ್ಲಿಸಬಹುದು ಎಂದು ಹೇಳುವ ಅಧಿಕಾರ ಹಿರಿಯ ಗುಮಾಸ್ತರಿಗೆ. ಕೊನೆಯ ಷರತ್ತಿಗೆ ಇಬ್ಬರು ನಿರ್ದೇಶಕರು ಬಹಳ ವಿರೋಧಿಸಿದರು. ನಾನು ಹಟ ಬಿಡಲಿಲ್ಲ, ಏಕೆಂದರೆ ಗುಮಾಸ್ತರು 'ಆಯಿತು' ಎಂದರೆ ಊರು ನಂಬುತ್ತಿತ್ತು, ನಾನು ಹೇಳಿದ್ದರೆ ಅಷ್ಟು ನಂಬುತ್ತಿರಲಿಲ್ಲ. ಮಾರ್ಚ್ 31ರ ರಾತ್ರಿ ಎಂಟೂವರೆಗೆ ತಾಳೆಪಟ್ಟಿ ಕೂಡಿತು. ಅವರು ಮತ್ತೊಮ್ಮೆ ಕೂಡಿಸಿದರು. ಆಮೇಲೆ ಕಿರ್ದಿಯ ಕೊನೆಯ ಮೊತ್ತದ ಕೆಳಗೆ ಅಳತೆಪಟ್ಟಿ ಇಟ್ಟು ಎರಡು ಗೆರೆ ಎಳೆದು, ಸಹಿ ಮಾಡಿ, ಪೆನ್ನಿನ ಮುಚ್ಚಳ ಹಾಕಿದರು.

ಅಪಾಯದ ವಹಿಯನ್ನು ಮಾತ್ರ ಆ ದಿನ ಮುಚ್ಚಲಿಲ್ಲ, ನೀವೂ ಮುಚ್ಚಬೇಡಿ. ನಾನು ನಿವೃತ್ತಳಾದಾಗ ಅದರಲ್ಲಿ ಆರು ಸಾಲು ಇನ್ನೂ ತೆರೆದೇ ಇದ್ದವು. ಹೊಸ ಕಾರ್ಯದರ್ಶಿಯನ್ನು ಕೂರಿಸಿಕೊಂಡು ಆರನ್ನೂ ಓದಿ ಹೇಳಿ, ಹೊಣೆಯ ಅಂಕಣದಲ್ಲಿ ನನ್ನ ಹೆಸರು ಹೊಡೆದು ಅವರ ಹೆಸರು ಬರೆಸಿ, ತಿಜೋರಿಯ ಬೀಗದ ಕೈಯ ಜೊತೆಗೆ ವಹಿಯನ್ನೂ ಕೊಟ್ಟು ಬಂದೆ.